ಆರು ವರ್ಷ ಹಳೆಯ ಡೈರಿ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳ ಹಾಗಿರಲಿಲ್ಲ. ಅಗಲವಾಗಿ, ದಪ್ಪವಾಗಿ, ಮೈದಾ ಅಂಟು ಕುಡಿದೂ ಕುಡಿದೂ ಹಳದಿಯಾಗಿತ್ತು. ಮಡಚಿದ ಹಾಳೆಯ ಮೇಲೆ ಆ ಉಗುರನ್ನು ಒಮ್ಮೆ ಎಳೆದರೆ ಇಸ್ತ್ರಿ ಹಾಕಿದಂತೆ ಗೆರೆ ಕೂರುತ್ತಿತ್ತು. ಸವಣೂರಿನ ಬಸ್ ನಿಲ್ದಾಣದಿಂದ ನಮ್ಮ ಕಾಲೇಜಿಗೆ ಹೋಗುವ ದಾರಿಯಲ್ಲಿ ಅವರದೊಂದು ಬೈಂಡಿಂಗ್ ಅಂಗಡಿ. ಮುಂದೆ ಪೆನ್ನು, ನೋಟ್‌ಬುಕ್ಕು. ಹಿಂದೆ ರಟ್ಟು, ದಾರ, ಅಂಟಿನ ಡಬ್ಬಿ. ನಾವು ಹುಡುಗಿಯರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಹೆಸರು ನಾವೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ನಾನಾಗ ಪದವಿಯ ಎರಡನೇ ವರ್ಷದಲ್ಲಿದ್ದೆ. ಹತ್ತಿಮತ್ತೂರಿನಿಂದ ದಿನಾ ಬಸ್ಸು. ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕುವುದು, ಆಮೇಲೆ ಕಾಲೇಜು, ಮಧ್ಯಾಹ್ನ ಕಂಪ್ಯೂಟರ್ ಕ್ಲಾಸು, ಸಂಜೆ ನಮ್ಮ ಕಟ್ಟೆಯ ಮೇಲೆ ಸಣ್ಣ ಮಕ್ಕಳಿಗೆ ಟ್ಯೂಷನ್. ಈ ಗದ್ದಲದಲ್ಲಿ ಮೊದಲ ಟೆಸ್ಟು ತಲೆಯಿಂದ ಹಾರಿಯೇ ಹೋಯಿತು. ಅದು ನಡೆಯುವ ಹೊತ್ತಿಗೆ ನಾನು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ. ಎರಡನೆಯದೂ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿದರು. ಪರೀಕ್ಷೆ ತಪ್ಪಿದರೆ ಓದಿದ್ದು ಸಾಕು ಎಂದು ಅಪ್ಪ ಮನೆಯಲ್ಲಿ ಹೇಳಿದ. ಇಬ್ಬರೂ ಹೇಳಿದ್ದನ್ನು ಮಾಡಿ ತೋರಿಸುವವರೇ. ಮನೆಗೆ ಇದ್ದ ಒಂದೇ ಒಳ್ಳೆಯ ಫೋನು ಅಣ್ಣನ ಜೇಬಿನಲ್ಲಿರುತ್ತಿತ್ತು. ಹಾಗಾಗಿ ಬರೆದಿಟ್ಟುಕೊಳ್ಳಲು ಒಂದು ಪ್ಲ್ಯಾನರ್ ಬೇಕೆನಿಸಿ, ಜನವರಿಯ ಮೊದಲ ವಾರ ಚಾಚಾ ಅಂಗಡಿಗೆ ಹೋದೆ.

ಮುಂದೆಯೇ ತೂಗುಹಾಕಿದ್ದ, ಸುರುಳಿ ತಂತಿಯ, ಹೂವಿನ ರಟ್ಟಿನ ಒಂದನ್ನು ಎತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಅಲ್ಲೇ ತೂಗುಹಾಕಿದರು.

"ಇದು ಬ್ಯಾಡವ್ವಾ. ನಿಮ್ಮ ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರೂದಿಲ್ಲ. ಎರಡ ವಾರದಾಗ ತಂತಿ ಸೊಟ್ಟ ಆಗಿ ನಿನ್ನ ವೇಲ್ ಹರೀತೈತಿ. ರೊಕ್ಕಾನೂ ಜಾಸ್ತಿ."

ತನ್ನ ಮಾಲನ್ನು ತಾನೇ ಬೈಯುವ ವ್ಯಾಪಾರಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅಂಗಡಿ ಯಾಕೆ ಅಷ್ಟು ಚಿಕ್ಕದಾಗಿ ಉಳಿದಿದೆ ಎಂಬುದೂ ಅಂದೇ ತಿಳಿಯಿತು.

ಒಂದು ಬಿಡಿ ಹಾಳೆ ಕೊಟ್ಟು, "ಮೊದಲ ನಿನ್ನ ವಾರ ಬರಕೊಂಡು ಬಾ. ಏನ ಮಾಡಬೇಕಂತಿ ಅದಲ್ಲ, ಏನ ಮಾಡತಿ ಅದು" ಎಂದರು. ಅದು ಅವರ ಕಟ್ಟಳೆ. ವಾರ ಬರೆಸಿಕೊಳ್ಳದೆ ಯಾವ ವಿದ್ಯಾರ್ಥಿಗೂ ಡೈರಿ ಕೊಡುತ್ತಿರಲಿಲ್ಲ. ಮರುದಿನ ನನ್ನ ಹಾಳೆಯನ್ನು ಕನ್ನಡಕ ಏರಿಸಿ ಓದಿದರು. ಗಂಟೆಗೊಂದು ಗೆರೆ ಹೊಡೆದ ಪುಸ್ತಕ ನನಗೆ ಬೇಡವೆಂದರು. "ಅವು ಆಫೀಸರ್ ಮಂದಿಗೆ. ನಿನಗ ಒಂದ ಬಸ್ ತಪ್ಪಿದ್ರ ಎಲ್ಲಾ ಗಂಟೆ ತಪ್ಪತಾವ. ದಿನಕ್ಕೊಂದು ಹಾಳಿ ಇರ್ಲಿ, ಅರ್ಧ ಖಾಲಿ ಬಿಡು. ಮನ್ಯಾಗ ಕೆಲಸ ಹೇಳಾವ್ರು ನಿನ್ನ ಕೇಳಿ ಹೇಳತಾರೇನು?"

ಆಮೇಲೆ ಅಟ್ಟದಿಂದ ಒಂದು ಡೈರಿ ಇಳಿಸಿದರು. ಆರು ವರ್ಷದ ಹಿಂದೆ ಮಾರಾಟವಾಗದೆ ಉಳಿದದ್ದು. ಆ ವರ್ಷವೂ ಸೋಮವಾರ ಶುರುವಾಗಿತ್ತು, ಈ ವರ್ಷವೂ ಸೋಮವಾರ. ಉಳಿದ ಡೈರಿಗಳನ್ನು ಅವರು ರದ್ದಿಗೆ ಹಾಕುತ್ತಿರಲಿಲ್ಲ; ಅವುಗಳ ವಾರಗಳು ತಿರುಗಿ ಬರುವವರೆಗೆ ಕಾಯುತ್ತಿದ್ದರು. ಯಾವ ವರ್ಷದ್ದು ಯಾವ ವರ್ಷಕ್ಕೆ ಹೊಂದುತ್ತದೆ ಎಂಬುದಕ್ಕೆ ಅವರಪ್ಪ ಬರೆದಿಟ್ಟ ಒಂದು ಪಟ್ಟಿಯಿತ್ತು. ರಟ್ಟಿನ ಮೇಲಿನ ಇಸವಿಗೆ ಒಂದು ಕಾಗದ ಅಂಟಿಸಿ, ಉಗುರಿನಿಂದ ತೀಡಿ, ಮೂವತ್ತು ರೂಪಾಯಿಗೆ ಕೊಟ್ಟರು. ಹಾಳೆ ದಪ್ಪವಿತ್ತು, ಪೆನ್ನಿನ ಮಸಿ ಹಿಂದಕ್ಕೆ ಇಳಿಯುತ್ತಿರಲಿಲ್ಲ. ಎರಡು ತಿಂಗಳು ನಾನು ಏನನ್ನೂ ಮರೆಯಲಿಲ್ಲ.

ಫೆಬ್ರವರಿಯ ಕೊನೆಯ ಭಾನುವಾರ ನಮ್ಮ ಮನೆಯ ಮುಂದೆ ಚಾಚಾ ನಿಂತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಅಂಟಿನ ಡಬ್ಬಿ. ಏನೋ ಮಾರಲು ಬಂದವರೆಂದುಕೊಂಡ ಅವ್ವ "ಏನೂ ಬ್ಯಾಡ್ರಿ" ಎನ್ನುವಷ್ಟರಲ್ಲಿ ನಾನು ಹೊರಗೆ ಬಂದೆ. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಹತ್ತಿಮತ್ತೂರಿನ ಬಸ್ಸಿನ ಹೊತ್ತು ಸಮೇತ ಅಂದು ನಾನು ಬರೆದುಕೊಟ್ಟಿದ್ದ ವಾರದ ಹಾಳೆ ಮಾತ್ರ ಅವರ ಬಳಿ ಉಳಿದಿತ್ತು. ಅದನ್ನು ಹಿಡಿದು, ಹಾಲು ಹಾಕಿ ಕಾಲೇಜಿಗೆ ಹೋಗಿ ಸಂಜೆ ಟ್ಯೂಷನ್ ಹೇಳುವ ಹುಡುಗಿ ಯಾರೆಂದು ಸೊಸೈಟಿಯಲ್ಲಿ ಕೇಳಿಕೊಂಡು ಬಂದಿದ್ದರು.

"ತಪ್ಪ ಆಗೈತವ್ವಾ. ನೀ ಅಂಗಡಿ ಕಡೆ ಬರೂತನಕಾ ಕಾಯಾಕ ಆಗಲಿಲ್ಲ. ಡೈರಿ ತಾ" ಎಂದರು.

ಹಿಂದಿನ ದಿನ ಯಾರೋ ಅವರಿಗೆ ಮದುವೆ ಕಾರ್ಡು ಕೊಟ್ಟಿದ್ದರು. ಮದುವೆ ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ. ನಾನು ಬಳಸುತ್ತಿದ್ದ ಡೈರಿಯಲ್ಲಿ ಆ ದಿನವೇ ಇರಲಿಲ್ಲ. ಅಂದರೆ ಮಾರ್ಚ್ ಒಂದರಿಂದ ವರ್ಷದ ಕೊನೆಯವರೆಗೆ ಪ್ರತಿ ತಾರೀಖಿನ ವಾರವೂ ಒಂದು ದಿನ ತಪ್ಪು.

"ನಮ್ಮಪ್ಪ ಇಂಥಾ ವರ್ಷಕ್ಕ ಬ್ಯಾರೆ ಸಾಲು ಬರದಿಟ್ಟಿದ್ದ. ನಾ ಜನವರಿ ಒಂದ ನೋಡಿ ಪಟ್ಟಿ ಮುಚ್ಚಿಟ್ಟೆ."

ಕಟ್ಟೆಯ ಮೇಲೆ ಕೂತು ಫೆಬ್ರವರಿಯ ಕೊನೆಗೆ ಒಂದು ಹೊಸ ಹಾಳೆ ಸೇರಿಸಿದರು. ವಾರಗಳ ಹೆಸರು ಬರೆದ ಚೀಟಿಗಳನ್ನು ಮನೆಯಿಂದಲೇ ಕತ್ತರಿಸಿ ತಂದಿದ್ದರು. ಮಾರ್ಚಿನಿಂದ ಡಿಸೆಂಬರಿನವರೆಗೆ ಒಂದೊಂದೇ ಪುಟಕ್ಕೆ ಅಂಟಿಸಿದರು. ಅವ್ವ ಕೊಟ್ಟ ಚಹಾ ಆರಿ ಹೋಯಿತು. ಮಾರ್ಚಿನ ಒಂದು ಪುಟದಲ್ಲಿ ಕೈ ನಿಂತಿತು. ಎರಡನೇ ಟೆಸ್ಟನ್ನು ನಾನು ಹದಿಮೂರರ ಪುಟದಲ್ಲಿ ದೊಡ್ಡದಾಗಿ ಬರೆದಿದ್ದೆ.

"ಕಾಲೇಜಿನ್ಯಾಗ ಏನ ಹೇಳಿದ್ರು? ಹದಿಮೂರನೇ ತಾರೀಖು ಅಂತೇನು, ಮಂಗಳವಾರ ಅಂತೇನು?"

"ಎರಡನೇ ಮಂಗಳವಾರ ಅಂದ್ರಿ ಚಾಚಾ."

"ಹಂಗಾರ ಹನ್ನೆರಡು. ನಿನ್ನ ಕೈಲೇನ ಬರಿ. ನಾ ಬರದ್ರ ನಿನಗ ನೆನಪ ಉಳಿಯೂದಿಲ್ಲ."

ಬರೆದೆ. ಅವರು ಹದಿಮೂರರಲ್ಲಿದ್ದದ್ದಕ್ಕೆ ಬಿಳಿ ಕಾಗದ ಅಂಟಿಸಿದರು. ಇನ್ನೂ ಕೆಲವರಿಗೆ ಅದೇ ಡೈರಿ ಕೊಟ್ಟಿದ್ದರಂತೆ. ಮರುದಿನ ಹುಲಗೂರಿಗೆ, ಆಮೇಲೆ ಹಿರೇಕೆರೂರಿಗೆ ಹೋಗಬೇಕೆಂದರು. ಮೂವತ್ತು ರೂಪಾಯಿಯ ಡೈರಿಗೆ ಇಷ್ಟು ತಿರುಗಾಟವೇ ಎಂದು ಅಪ್ಪ ಆಮೇಲೆ ನಕ್ಕ. ನಾನು ಅವರನ್ನು ಬಸ್ಸಿನವರೆಗೂ ಕಳಿಸಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಚೀಟಿಗಳಿಂದ ಉಬ್ಬಿ ಡೈರಿ ಮುಚ್ಚದಂತಾಯಿತಲ್ಲ ಎಂದು ಒಳಗೊಳಗೇ ಸಿಟ್ಟಾಗಿದ್ದೆ.

ಹನ್ನೆರಡರಂದು ಟೆಸ್ಟ್ ಬರೆದೆ. ಪರೀಕ್ಷೆಗೆ ಕೂತೆ, ಪಾಸಾದೆ. ಆ ಬೇಸಿಗೆಯಲ್ಲಿ ಅಣ್ಣ ಹೊಸ ಫೋನು ಕೊಂಡು ಹಳೆಯದನ್ನು ನನಗೆ ಕೊಟ್ಟ. ಡೈರಿಯ ಅವಶ್ಯಕತೆ ಅಲ್ಲಿಗೆ ಮುಗಿಯಿತು. ಮೂರನೇ ವರ್ಷವಿಡೀ ಅದೇ ದಾರಿಯಲ್ಲಿ ದಿನಕ್ಕೆ ಎರಡು ಸಲ ಓಡಾಡಿದೆ. ಅವರು ತಲೆ ಎತ್ತಿದರೆ ನಾನೂ ತಲೆ ಆಡಿಸುತ್ತಿದ್ದೆ. ಬಸ್ಸಿನ ಅವಸರ ಇದ್ದೇ ಇರುತ್ತಿತ್ತು.

ಕಳೆದ ಸಲ ಅಂಕಪಟ್ಟಿ ತರಲು ಕಾಲೇಜಿಗೆ ಹೋದಾಗ ಅಂಗಡಿಯಲ್ಲಿ ಅವರ ಮಗಳು ಅಟ್ಟ ಖಾಲಿ ಮಾಡುತ್ತಿದ್ದಳು. ಚಾಚಾ ತೀರಿಕೊಂಡು ಎರಡು ತಿಂಗಳಾಗಿತ್ತು. ನಾನು ಹತ್ತಿಮತ್ತೂರಿನವಳು, ನನ್ನ ಡೈರಿ ಸರಿಮಾಡಲು ಅವರು ನಮ್ಮ ಮನೆಗೆ ಬಂದಿದ್ದರು ಎಂದೆ. ಅವಳು ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು.

"ನಮ್ಮ ಅಬ್ಬಾ ಎಲ್ಲಾರ ಮನೀನೂ ಹುಡುಕ್ಕೊಂಡು ಹೋಗಿದ್ರು. ಹಿರೇಕೆರೂರ ಹುಡುಗೀದು ಗೋವಿನಜೋಳದ ವ್ಯಾಪಾರದ ಮನಿ ಅಂತ ಅಷ್ಟ ಗೊತ್ತಿತ್ತು. ಎರಡ ಸಲ ಹೋದ್ರು, ಮನಿ ಸಿಗಲಿಲ್ಲ. ಉಳಿದಾವ್ರೂ ಒಬ್ರೂ ಬಂದು ಪಾಸಾದ್ವಿ ಅನ್ನಲಿಲ್ಲರಿ. ಪಾಸಾಗಿದ್ರ ಬಂದು ಹೇಳತಿದ್ವು, ನನ್ನ ಡೈರೀಲೆ ಫೇಲಾಗ್ಯಾವ ಅಂತ ಮನಸಿಗೆ ಹಚ್ಕೊಂಡಿದ್ರು. ಆ ಮ್ಯಾಲೆ ಹಳೇ ಡೈರಿ ಮಾರೂದ ಬಿಟ್ರು." ಆಮೇಲೆ ಕೇಳಿದಳು, "ನೀವ ಪಾಸಾದ್ರೇನ್ರಿ?"

ಹೂಂ ಎಂದೆ. ಫಸ್ಟ್ ಕ್ಲಾಸ್ ಎಂದೂ ಹೇಳಿದೆ. ಎಂದೋ ಅವರೆದುರು ನಿಂತು ಹೇಳಬೇಕಾಗಿದ್ದ ಎರಡೇ ಎರಡು ಮಾತು ಅವು. ನನಗೆ ತುಂಬ ನಾಚಿಕೆಯಾಯಿತು.