ಅರ್ಧ ಮಾತ್ರೆ

‘ನಮ್ಮಲ್ಲಿ ನಾಲ್ಕು ಮಾತ್ರೆ ಉಳಿದಿದೆ, ನೀವು ತಗೊಳ್ಳಿ’ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಉಳಿದಿದೆ ಎಂದರೆ ತಾವೂ ಪೂರ್ತಿ ನುಂಗಿಲ್ಲ, ಅದೊಂದು ತಪ್ಪು. ಇನ್ನೊಬ್ಬರಿಗೆ ಕೊಡುವುದು ಮತ್ತೊಂದು ತಪ್ಪು. ಪಕ್ಕದ ಮನೆಯವರು ಹೀಗೆ ಹೇಳಲು ಬಂದು ನನ್ನಿಂದ ಚೆನ್ನಾಗಿ ಬೈಸಿಕೊಂಡಿದ್ದಾರೆ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬಹುದು. ಅಂದುಕೊಳ್ಳಲಿ. ಮದ್ದನ್ನು ಪ್ರೀತಿಯಿಂದ ಹಂಚಿಕೊಂಡ ಮನೆ ನಮ್ಮದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಗೋವಿಂದರಾಜನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ, ನಾನು ಇದ್ದೆವು. ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಕ್ಷಯ ಬಂದಿತ್ತು. ಬೀದಿಗೆ ಮಾತ್ರ ನಾವು ಅಸ್ತಮಾ ಎಂದು ಹೇಳಿದ್ದೆವು. ಕ್ಷಯ ಇರುವ ಮನೆಯಿಂದ ಹೆಣ್ಣು ತರಲು ಆಗ ಯಾರೂ ಒಪ್ಪುತ್ತಿರಲಿಲ್ಲ. ಅಕ್ಕನಿಗೋ, ರಾಜಾಜಿನಗರದ ಗುಮಾಸ್ತನೊಬ್ಬನ ಜೊತೆ ಮಾತುಕತೆ ಮುಗಿದು, ಹೂ ಮುಡಿಸುವ ಶಾಸ್ತ್ರವೂ ಆಗಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಅಪ್ಪನ ಹೆಸರಿಗೆ ಕಾರ್ಡು ಮಾಡಿ, ತಿಂಗಳಿಗಾಗುವಷ್ಟು ಮಾತ್ರೆ ಪುಕ್ಕಟೆ ಕೊಡುತ್ತಿದ್ದರು. ದಿನಕ್ಕೊಂದು ದಪ್ಪ ಬಿಳಿ ಮಾತ್ರೆ. ಒಂದೂವರೆ ವರ್ಷ, ಒಂದು ದಿನವೂ ತಪ್ಪದೆ ನುಂಗಬೇಕೆಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಎರಡೇ ತಿಂಗಳಿಗೆ ಅಪ್ಪನ ಕೆಮ್ಮು ತಗ್ಗಿತು, ಮೈ ತುಂಬಿಕೊಂಡಿತು. ಅಷ್ಟರಲ್ಲಿ ಅಕ್ಕನಿಗೆ ಸಂಜೆಯಾದರೆ ಜ್ವರ ಬರತೊಡಗಿತು, ಹಿಂದೆಯೇ ಕೆಮ್ಮು. ಏನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾಲ್ವರಿಗೂ ಗೊತ್ತಿತ್ತು. ಆಸ್ಪತ್ರೆಗೆ ಹೋದರೆ ಅವಳ ಹೆಸರಿಗೂ ಕಾರ್ಡಾಗುತ್ತದೆ, ಸುದ್ದಿ ರಾಜಾಜಿನಗರ ಮುಟ್ಟಲು ಎಷ್ಟು ಹೊತ್ತು?

‘ನಂಗೀಗ ಪರವಾಗಿಲ್ಲ. ನನ್ನ ಮಾತ್ರೇಲೇ ಅರ್ಧ ಅವಳಿಗೆ ಕೊಡು. ಮದುವೆ ಒಂದು ಆಗೋಗ್ಲಿ, ಆಮೇಲೆ ನೋಡ್ಕೊಳೋಣ’ ಎಂದು ಅಪ್ಪ ಅಮ್ಮನಿಗೆ ಹೇಳಿದರು.

‘ಹಂಚಿ ಉಂಡರೆ ಹಸಿವಿಲ್ಲ’ ಎನ್ನುತ್ತಾ ಅಮ್ಮ ದೇವರಿಗೆ ಕೈ ಮುಗಿದಳು.

ತುಂಡು ಮಾಡುವ ಕೆಲಸ ನನ್ನದಾಯಿತು. ಅಡಕತ್ತರಿಯ ನಡುವೆ ಇಟ್ಟು ಒತ್ತಿದರೆ ಎರಡು ಹೋಳು. ಒಂದು ಹೋಳು ಚಿಕ್ಕದಾದರೆ ಅಪ್ಪ ಅದನ್ನೇ ಎತ್ತಿಕೊಳ್ಳುತ್ತಿದ್ದರು. ಎಂಥ ಅಪ್ಪ ನಮ್ಮಪ್ಪ ಎಂದು ನನಗೆ ಹೆಮ್ಮೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯವರೊಬ್ಬರು ಸೈಕಲ್ಲಿನಲ್ಲಿ ವಿಚಾರಿಸಲು ಬಂದರು. ಅವರು ಮಿಲ್ಲಿನವರೆಂದು ನೆರೆಯವರಿಗೆ ಹೇಳಿದೆವು.

‘ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮು, ಜ್ವರ ಇದೆಯೇನಮ್ಮಾ? ಇದ್ರೆ ಹೇಳಿ, ಅವ್ರಿಗೂ ಬೇರೆ ಮಾತ್ರೆ ಕೊಡ್ತೀವಿ.’

‘ಯಾರಿಗೂ ಇಲ್ಲಪ್ಪ’ ಎಂದಳು ಅಮ್ಮ.

ಒಳಕೋಣೆಯಲ್ಲಿ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮು ತಡೆಯುತ್ತಿದ್ದಳು. ಸೈಕಲ್ಲು ತಿರುವು ದಾಟುವ ತನಕ ನಾನು ಅವಳ ಬೆನ್ನನ್ನು ಒತ್ತಿ ಹಿಡಿದಿದ್ದೆ.

ಮದುವೆಗೆ ಒಂದು ತಿಂಗಳಿರುವಾಗ, ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಅಪ್ಪ ಎಲ್ಲರೆದುರೇ ರಕ್ತ ಕಾರಿದರು. ವಾರದೊಳಗೆ ಗಂಡಿನ ಕಡೆಯ ಹಿರಿಯರೊಬ್ಬರು ಬಂದು, ಕಾಫಿ ಲೋಟವನ್ನೂ ಮುಟ್ಟದೆ, ಈ ಸಂಬಂಧ ಬೇಡವೆಂದು ಹೇಳಿ ಹೊರಟುಹೋದರು.

ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಅಕ್ಕನಿಗೂ ಕಾರ್ಡಾಯಿತು. ಇಬ್ಬರ ಕಫದಲ್ಲಿದ್ದ ಕ್ರಿಮಿಯನ್ನು ಬೆಳೆಸಿ, ಅದರ ಮೇಲೆ ಮದ್ದು ಹಾಕಿ ನೋಡಲು ಎರಡು ತಿಂಗಳ ಮೇಲೆ ಹಿಡಿಯಿತು. ಅಷ್ಟು ದಿನವೂ ಇಬ್ಬರೂ ಪೂರ್ತಿ ಮಾತ್ರೆಯನ್ನೇ ನುಂಗಿದರು, ಆದರೂ ಸೊರಗುತ್ತಲೇ ಹೋದರು.

ವರದಿ ಬಂದ ದಿನ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ‘ಈ ಮಾತ್ರೆ ಇವರ ಕ್ರಿಮಿಗೆ ನಾಟ್ತಾ ಇಲ್ಲ. ನಿಜ ಹೇಳಮ್ಮ, ಮೊದಲಿಂದ ಸರಿಯಾಗಿ ನುಂಗಿದ್ರಾ?’

ಹೇಳಿದೆ. ಅಡಕತ್ತರಿಯ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಪೂರ್ತಿ ಮಾತ್ರೆ ದಿನಾ ಬಿದ್ರೆ ಕ್ರಿಮಿ ಎಲ್ಲಾ ಸಾಯುತ್ತೆ. ಅರ್ಧ ಬಿದ್ರೆ ಬಡಪಾಯಿಗಳಷ್ಟೇ ಸಾಯ್ತವೆ. ಗಟ್ಟಿ ಇರೋವು ಉಳ್ಕೊಂಡು, ಅವೇ ಸಾವಿರ ಆಗ್ತವೆ. ಆಮೇಲೆ ಹಿಡಿ ಮಾತ್ರೆ ನುಂಗಿದ್ರೂ ಅವಕ್ಕೆ ಏನೂ ಆಗಲ್ಲ. ಅವಳಿಗೆ ಆವತ್ತೇ ಬೇರೆ ಕಾರ್ಡ್ ಮಾಡಿಸಿದ್ದಿದ್ರೆ ಇಬ್ರೂ ಉಳೀತಿದ್ರು. ನೀನೂ ನಿಮ್ಮಮ್ಮನೂ ಇವತ್ತೇ ಪರೀಕ್ಷೆಗೆ ಕಫ ಕೊಟ್ಟು ಹೋಗಿ. ಇನ್ಮೇಲೆ ಯಾರ ಮಾತ್ರೆ ಅವರೇ ನುಂಗ್ಬೇಕು, ಕಡೇ ದಿನದ ತನಕ.’

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಅಮ್ಮನಿಗೂ ನನಗೂ ರೋಗ ಇಲ್ಲವೆಂದು ಗೊತ್ತಾದಾಗ ಸಂತೋಷಪಡಲು ನಾಚಿಕೆಯಾಯಿತು.

ಬೇರೆ ಮದ್ದುಗಳಿದ್ದವು, ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕಿದ್ದನ್ನು ಕೊಡಿಸುವ ಹೊತ್ತಿಗೆ ಕಾಲ ಮೀರಿತ್ತು. ಅಪ್ಪ ಆ ಮಳೆಗಾಲ ದಾಟಲಿಲ್ಲ.

ಅಕ್ಕ ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳು, ತನ್ನ ಉಸಿರು ನನಗೆ ತಾಕಬಾರದೆಂದು. ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದಾಗ, ತಿರುಗದೆಯೇ ಕೇಳಿದಳು: ‘ನಾನು ಆ ಅರ್ಧ ಇಸ್ಕೊಳ್ದೆ ಇದ್ದಿದ್ರೆ ಅಪ್ಪ ಬದುಕ್ತಿದ್ರಾ? ಡಾಕ್ಟ್ರು ನಿಂಗೆ ಏನೋ ಹೇಳಿರ್ತಾರೆ. ನಿಜ ಹೇಳೇ.’

‘ಇಲ್ಲ ಅಕ್ಕ. ಅಪ್ಪಂಗೆ ಮೊದ್ಲೇ ಮೀರಿಹೋಗಿತ್ತಂತೆ. ನಿನ್ನ ಅರ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದ್ರು.’

‘ಹೌದಾ’ ಎಂದು ಅಕ್ಕ ಎದ್ದು ಕೂತಳು. ಆವತ್ತು ಗಂಜಿಯನ್ನು ಪೂರ್ತಿ ಕುಡಿದಳು. ಎಂಟು ದಿನಕ್ಕೆ ಹೋದಳು. ಆಮೇಲೆ ಅಮ್ಮ ಕೇಳಿದಾಗ ಅವಳಿಗೂ ಅದೇ ಸುಳ್ಳನ್ನು ಹೇಳಿದೆ, ಅವಳೂ ನಂಬಿಕೊಂಡು ಹೋದಳು. ನನಗೆ ಆ ಸುಳ್ಳು ಹೇಳುವವರು ಯಾರೂ ಇಲ್ಲ.