ಆಚೆ ತುದಿಯ ಮೀನು

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರನ್ನು ನೀವು ಗಮನಿಸಿರಬಹುದು: ಅವರಿಗೆ ಮೀನಿನ ಚಂದಕ್ಕಿಂತ ಪೈಪು ಕಾಣಬಾರದೆಂಬ ಚಿಂತೆಯೇ ಹೆಚ್ಚು. ನಮ್ಮ ವಂಶದ ಪ್ರಥಮ ಪದವೀಧರನಾದ ನಾನು, ಅದೂ ಬಿ.ಎಸ್ಸಿ., ಹಾಸನದ ಬಾಡಿಗೆ ಮನೆಯಲ್ಲಿ ಗಾಜಿನ ತೊಟ್ಟಿಗೆ ಸ್ವಹಸ್ತದಿಂದ ಪಂಪು ಕೂರಿಸಿ, ನೀರನ್ನು ಎಳೆಯುವ ಪೈಪು, ಸೋಸಿದ ನೀರನ್ನು ಮರಳಿ ಬಿಡುವ ಪೈಪು ಎರಡನ್ನೂ ಒಂದೇ ಮೂಲೆಗೆ ತಳ್ಳಿ, ಮುಂದೊಂದು ಪ್ಲಾಸ್ಟಿಕ್ ಗಿಡ ನೆಟ್ಟು, ಮಹಾ ಜಲಶಿಲ್ಪಿಯಂತೆ ಬೀಗಿದೆ. ಗಿಡ ಬಾಡಲಿಲ್ಲ, ಮೀನುಗಳು ಬಾಡಿದವು.

ಹತ್ತು ದಿನದಲ್ಲಿ ಎರಡು ಸತ್ತವು. ಉಳಿದದ್ದು ನನ್ನ ಮಡದಿ ಸರೋಜಾಳ ಮುದ್ದಿನ ಕೆಂಪು ಗೋಲ್ಡ್‌ಫಿಶ್ ಒಂದೇ. ಅದೂ ಮೇವು ಬಿಟ್ಟು, ತೊಟ್ಟಿಯ ಆಚೆ ತುದಿಯಲ್ಲಿ ನೀರಿನ ಮೇಲಕ್ಕೆ ಬಾಯಿಟ್ಟು ಏದುಸಿರು ಬಿಡುತ್ತಿತ್ತು. ಮೇವು, ಔಷಧ, ಅಂಗಡಿಯವನು, ಎಲ್ಲದರ ಮೇಲೂ ಅನುಮಾನಪಟ್ಟೆ, ನನ್ನೊಬ್ಬನನ್ನು ಬಿಟ್ಟು.

ಅಂದು ಬೆಳಿಗ್ಗೆ ಅರಕಲಗೂಡು ಕಡೆಯ ನಮ್ಮೂರಿಂದ ಅಪ್ಪ ಬಂದರು. ಅಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ, ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುವುದೇ ಅವರ ಕಸುಬು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತವರು ಮೀನನ್ನು ಬಿಟ್ಟು ನೀರನ್ನು ನೋಡಿದರು. ಒಂದೆಸಳು ಕರಿಬೇವು ತರಿಸಿ, ಚಿವುಟಿ ಅಲ್ಲಲ್ಲಿ ಹಾಕಿದರು. ಗಿಡದ ಮೂಲೆಯ ಚೂರುಗಳು ಅಲ್ಲೇ ಗಿರಕಿ ಹೊಡೆದವು. ಮೀನಿದ್ದ ಕಡೆಯವು ಅಲ್ಲಾಡಲೇ ಇಲ್ಲ.

“ಕೊನೇಗದ್ದೆಗೆ ನೀರೇ ಓಗಿಲ್ವಲ್ಲಲಾ!”

“ಮೀನು ನೀರೊಳ್ಗೇ ಐತಲ್ಲ, ಮಾವ?” ಸರೋಜಾ ನಕ್ಕಳು.

“ಐತೆ ಕಣವ್ವ, ನಿಂತ್ ನೀರು. ಬಂದಿದ್ ನೀರ್ನ ಬಂದ್ ಬಾಗ್ಲಲ್ಲೇ ಕುಡ್ದ್ಬುಡ್ತೈತೆ ಇವ್ನ ಮಿಷಿನ್ನು.”

ತೂಬು ಬಿಟ್ಟ ದಿನ ಅಪ್ಪ ಮೊದಲು ನಡೆಯುತ್ತಿದ್ದುದು ಕೊನೆಯ ಗದ್ದೆಗೆ. ಅಲ್ಲಿ ನೆಲ ನೆನೆದ ಮೇಲೆಯೇ ಉಳಿದವರ ಸರದಿ. ಅಕ್ಷರ ಮಾತ್ರ ನಮ್ಮ ಮನೆಗೆ ಎಲ್ಲರ ಮನೆ ದಾಟಿ ಕಟ್ಟಕಡೆಗೆ ಹರಿದು ಬಂದದ್ದು. ಅದನ್ನು ಬಲ್ಲ ನಾನೇ ಆಚೆ ತುದಿಯನ್ನು ಮರೆತಿದ್ದೆ.

“ನೀನೇ ಸರಿ ಮಾಡಪ್ಪ” ಎಂದೆ, ನಾಚಿ.

“ನಂಗೇನ್ಲಾ ಗೊತ್ತು ಪೈಪಿಂದು? ಓದ್ದೋನು ನೀನು. ಮಾಡು.”

ನೀರು ಬಿಡುವ ಪೈಪನ್ನು ಆಚೆ ತುದಿಗೆ ಎಳೆದೆ. ತೊಟ್ಟಿಯ ಉದ್ದಕ್ಕೂ ಅದು ಎದ್ದು ಕಾಣುತ್ತಿತ್ತು. ಕಾಣಲಿ ಎಂದು ಬಿಟ್ಟೆ. ಕರಿಬೇವಿನ ಚೂರುಗಳು ಮೆಲ್ಲಗೆ ಹೊರಟವು. ಸರೋಜಾ ತಟ್ಟೆ ಹಾಕಿ ಎರಡು ಸಲ ಕರೆದರೂ ಅಪ್ಪ ಕದಲಲಿಲ್ಲ. ಮಧ್ಯಾಹ್ನ ಮೀರಿದ ಮೇಲೆ ಮೀನು ತಳಕ್ಕಿಳಿದು, ಅವಳು ಹಾಕಿದ ಒಂದು ಕಾಳು ಮೇವನ್ನು ಬಾಯಿಗೆಳೆದುಕೊಂಡಿತು.

“ಈಗ ನಮ್ಗೂ ಇಕ್ಕವ್ವ” ಎಂದು ಅಪ್ಪ ಮಂಡಿ ಹಿಡಿದು ಎದ್ದರು.