ಅರವತ್ತೆರಡನೇ ಪುಟ ಹುಡುಕಿ ಸುಳ್ಯ, ಕಡಬಕ್ಕೆ

ಪುತ್ತೂರಿನಿಂದ ಬೆಳಿಗ್ಗೆ ಏಳೂಕಾಲಿಗೆ ಸುಳ್ಯದ ಸರಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ಹಣವಿಲ್ಲದ ಕಾಲ. ಕಂಡಕ್ಟರು ಸೊನ್ನೆ ಎಂದು ಅಚ್ಚಾದ ಚೀಟಿ ಹರಿದುಕೊಟ್ಟರು. ಮಾರ್ಚ್ ತಿಂಗಳು, ಅಷ್ಟು ಹೊತ್ತಿಗೇ ಬೆವರು ಕುತ್ತಿಗೆಗೆ ಇಳಿಯುತ್ತಿತ್ತು. ತೊಡೆಯ ಮೇಲಿನ ಚೀಲದಲ್ಲಿ ಸುಮಾರು ನೂರ ನಲವತ್ತು ಹಾಳೆಗಳ ಕಟ್ಟು. ಅದರಲ್ಲಿ ಒಂದು ಹಾಳೆ ಇರಲಿಲ್ಲ. ಅದಕ್ಕಾಗಿಯೇ ನಾನು ಹೊರಟದ್ದು.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೆ ಒಂದು ಸಣ್ಣ ಪ್ರಕಾಶನಕ್ಕೆ ಕರಡು ತಿದ್ದಿಕೊಡುತ್ತೇನೆ. ಈ ಸಲ ಬಂದದ್ದು ಅರಂತೋಡಿನ ಹೊನ್ನಪ್ಪ ಗೌಡರ ಆತ್ಮಕಥೆ. ಸೈನ್ಯದಲ್ಲಿ ಅವರು ಬಹಳ ವರ್ಷ ಸ್ನೈಪರ್ ಆಗಿದ್ದರು. ಅಡಗಿ ಕೂತು ಬಹು ದೂರದಿಂದ ಒಬ್ಬೊಬ್ಬರನ್ನೇ ಗುರಿಯಿಟ್ಟು ಹೊಡೆಯುವ ಕೆಲಸ. ಅವರ ಪುಸ್ತಕದಲ್ಲಿ ಒಂದು ಅಧ್ಯಾಯ ಗಡಿಯದ್ದಾದರೆ ಮುಂದಿನದು ಮನೆಯದ್ದು. ಮಗಳಿಗೆ ಸೈಕಲ್ ಕಲಿಸಿದ್ದನ್ನು ಹೇಳುವ ನಿಧಾನದ ವಾಕ್ಯಗಳಲ್ಲೇ ಮನುಷ್ಯರನ್ನು ಕೊಂದದ್ದನ್ನೂ ಹೇಳುತ್ತಾರೆ. ನಾಲ್ಕು ದಿನ ಓದಿ ನಾನು ಗೊಂದಲಕ್ಕೆ ಬಿದ್ದಿದ್ದೆ. ಈ ಮನುಷ್ಯ ನನಗೆ ಇಷ್ಟವಾಗುತ್ತಿದ್ದರು. ಇಷ್ಟವಾಗಬಹುದೇ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಅರವತ್ತೊಂದನೇ ಪುಟದಲ್ಲಿ ಅವರು ಹಿಮದ ನಡುವಿನ ಚೌಕಿಯಲ್ಲಿದ್ದಾರೆ. ಎದುರಿನ ಗುಡ್ಡದಲ್ಲಿ ಒಬ್ಬ ಸೈನಿಕ ದಿನಾ ಬೆಳಿಗ್ಗೆ ಲೋಟ ಹಿಡಿದು ಹೊರಗೆ ಬರುತ್ತಾನೆ, ಬಿಸಿಲಿಗೆ ಮುಖವೊಡ್ಡಿ ಕುಡಿಯುತ್ತಾನೆ. ಮೂರು ದಿನ ಇವರು ದುರ್ಬೀನಿನಲ್ಲಿ ನೋಡುತ್ತಾರೆ. ‘ನಾಲ್ಕನೆಯ ದಿನ ಗಾಳಿ ಇರಲಿಲ್ಲ. ಅವನು ಲೋಟ ಹಿಡಿದು ಬಂದ. ನಾನು’ ಎಂಬಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನ ಹಾಳೆ ಅರವತ್ತಮೂರು: ‘ಎಂದು ಹೆಸರಿಟ್ಟೆವು. ತೊಟ್ಟಿಲು ನನ್ನ ಅಜ್ಜನ ಕಾಲದ್ದು.’

ಕುಂಬ್ರ, ಕಾವು, ಜಾಲ್ಸೂರು ದಾಟುವಾಗ ಮತ್ತೆ ಅದೇ ಎರಡು ಪುಟಗಳನ್ನು ತಿರುವಿದೆ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ‘ನೀವು ಅವನನ್ನು ಹೊಡೆದಿರಾ?’ ಎಂದು ಫೋನಿನಲ್ಲಿ ಕೇಳುವುದು ಹೇಗೆ?

ಸುಳ್ಯದಲ್ಲಿಳಿದು ಎರಡು ಬನ್ಸ್ ತಿಂದು, ಸಂಪಾಜೆ ಕಡೆಯ ಬಸ್ಸಿನಲ್ಲಿ ಅರಂತೋಡಿಗೆ ಹೋದೆ. ಅಲ್ಲಿಂದ ಒಂದು ಕಿಲೋಮೀಟರ್ ನಡಿಗೆ. ಗೌಡರು ತಾರಸಿ ಮನೆಯ ಜಗಲಿಯಲ್ಲಿ ಕೂತು ಗುಜ್ಜೆ, ಅಂದರೆ ಹಲಸಿನ ಎಳೆಗಾಯಿ, ಹೆಚ್ಚುತ್ತಿದ್ದರು. ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಕತ್ತಿಯ ಬಾಯಿಗೆ ಹಾಕುವ ಮೊದಲು ಪ್ರತಿ ತುಂಡನ್ನೂ ಬೆರಳಿನಿಂದ ತಡವುತ್ತಿದ್ದರು.

“ಬಲಗಣ್ಣಿಗೆ ಪೊರೆ ಬಂದುಂಟು ಟೀಚರೇ. ಎಡದ್ದು ಅರ್ಧಂಬರ್ಧ. ಮುಂದಿನ ತಿಂಗಳು ಆಪರೇಷನ್,” ಎಂದರು. ಬರೆದದ್ದು ಕಣ್ಣು ಸರಿಯಿದ್ದಾಗ. ಟೈಪ್ ಮಾಡಿದ್ದು ಕಡಬದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮಗಳು ಭವ್ಯ. ಟೈಪಾದ ಮೇಲೆ ಅವರು ಒಂದು ಹಾಳೆಯನ್ನೂ ಓದಿರಲಿಲ್ಲ.

ನಾನು ಪುಟದ ವಿಷಯ ಹೇಳಿದೆ. ಅವರ ಕೈ ನಿಂತಿತು.

“ಅದೊಂದೇ ಹಾಳೆಯಾ ಇಲ್ಲದ್ದು?”

“ಅದೊಂದೇ.”

“ಹಾಗಾದ್ರೆ ಅವಳು ಓದಿದ್ದಾಳೆ,” ಎಂದರು. “ನಿಮ್ಮ ಹತ್ರ ಎಂತಾದ್ರೂ ಹೇಳಿದಳಾ?”

“ನಾನು ಅವರನ್ನು ನೋಡಿಯೇ ಇಲ್ಲ. ಆ ಪುಟದಲ್ಲಿ ಏನಿತ್ತು ಗೌಡರೇ?”

“ಬಾಯಲ್ಲಿ ಹೇಳ್ಲಿಕ್ಕೆ ಆಗುದಾದ್ರೆ ನಾನು ಪುಸ್ತಕ ಯಾಕೆ ಬರೀತಿದ್ದೆ?” ಎಂದರು. ಅವರಿಗೆ ಸಿಟ್ಟು ಬಂದಂತಿರಲಿಲ್ಲ. “ಅವಳ ಹತ್ರವೇ ಕೇಳಿ. ಹಸ್ತಪ್ರತಿಯೂ ಅಲ್ಲೇ ಉಂಟು. ಹಾಕುದು ಬಿಡುದು ಅವಳಿಗೆ ಬಿಟ್ಟದ್ದು ಅಂತ ಹೇಳಿ.”

ಅವರ ಹೆಂಡತಿ ಬೆಲ್ಲದ ಕಾಫಿ ತಂದರು. ಗೌಡರು ಲೋಟ ಹಿಡಿದು, ಬಿಸಿಲಿಗೆ ಮುಖವೊಡ್ಡಿ ಊದಿ ಕುಡಿಯತೊಡಗಿದರು. ನನಗೆ ಅತ್ತ ನೋಡಲಾಗಲಿಲ್ಲ.

ಸುಳ್ಯಕ್ಕೆ ಮರಳಿ ಬೆಳ್ಳಾರೆ, ಪಂಜ ದಾರಿಯಾಗಿ ಕಡಬಕ್ಕೆ ಹೊರಟೆ. ಪಂಜದಲ್ಲಿ ಬಸ್ಸು ಬದಲಿಸಲು ಮುಕ್ಕಾಲು ಗಂಟೆ ಕಾಯಬೇಕಾಯಿತು. ಪಕ್ಕದಲ್ಲಿ ಕೂತ ಬ್ಯಾರಿ ಹೆಂಗಸೊಬ್ಬರು ಅರ್ಧ ಕಲ್ಲಂಗಡಿ ಹಣ್ಣನ್ನು ನನ್ನ ಕೈಗಿಟ್ಟು, “ತಿನ್ನಿ, ಮುಖ ಬಾಡಿ ಹೋಗಿದೆ ನಿಮ್ಮದು,” ಎಂದರು. ತಿಂದೆ. ಆಚೆ ಈಚೆ ರಬ್ಬರು ಮರಗಳಲ್ಲಿ ಹೊಸ ಎಲೆ ಬಂದಿತ್ತು.

ಕಡಬ ತಲುಪುವಾಗ ಒಂದೂವರೆ. ಭವ್ಯ ಮೂವತ್ತರ ಆಸುಪಾಸಿನವಳು. ಯಾರದೋ ಆಧಾರ್ ಪ್ರತಿ ತೆಗೆಯುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಯಂತ್ರ ನಿಲ್ಲಿಸಿದಳು. ಗಿರಾಕಿ ಹೋದ ಮೇಲೆ ಮೇಜಿನ ಖಾನೆಯಿಂದ ಹಾಳೆ ತೆಗೆದು ನನ್ನ ಮುಂದಿಟ್ಟಳು.

ನಿಂತಲ್ಲೇ ಓದಿದೆ. ಹೊನ್ನಪ್ಪ ಗೌಡರು ಹೊಡೆದಿದ್ದರು. ಆ ದಿನದ ತಾರೀಖನ್ನೂ ಬರೆದಿದ್ದರು. ಹತ್ತು ದಿನ ಕಳೆದು ಊರಿನಿಂದ ಕಾಗದ ಬಂತು: ಅದೇ ತಾರೀಖು, ಅದೇ ಬೆಳಿಗ್ಗೆ, ಹೆಣ್ಣು ಮಗು ಹುಟ್ಟಿದೆ. ರಜೆಯಲ್ಲಿ ಬಂದಾಗ ಮಗುವನ್ನು ಎತ್ತಿಕೊಳ್ಳಲು ಕೈ ಬರಲಿಲ್ಲವಂತೆ. ಕೊನೆಯಲ್ಲಿ ಹೀಗಿತ್ತು: ‘ಮಗಳ ಹುಟ್ಟಿದ ದಿನ ಬೆಳಿಗ್ಗೆ ನಾನು ಯಾವತ್ತೂ ಮನೆಯಲ್ಲಿರುವುದಿಲ್ಲ. ಬೆಳಕು ಹರಿಯುವ ಮೊದಲೇ ಎತ್ತಲಾದರೂ ಹೋಗುತ್ತೇನೆ. ಕಾರಣ ಅವಳಿಗೆ ಹೇಳಿಲ್ಲ. ಅವಳಿಗೆ ಭವ್ಯ’

“ಗಂಡು ಬೇಕಿತ್ತು ಅವರಿಗೆ, ಅದಕ್ಕೇ ನನ್ನ ಬರ್ತ್‌ಡೇ ದಿನ ಮುಖ ತಪ್ಪಿಸಿ ಹೋಗುದು ಅಂತ ಇಷ್ಟು ವರ್ಷ ನಂಬಿದ್ದೆ ಟೀಚರೇ,” ಎಂದಳು ಭವ್ಯ. “ಅಮ್ಮನೂ ಹಾಗೇ ತಿಳ್ಕೊಂಡದ್ದು. ಮದುವೆಯಾದ ಮೇಲೆ ಆ ದಿನ ನಾನು ಫೋನೂ ಮಾಡುದಿಲ್ಲ. ಇದನ್ನು ಟೈಪ್ ಮಾಡುವಾಗ...”

“ಅಪ್ಪನ ಹತ್ರ ಮಾತಾಡಿದೆಯಾ?”

“ಎಂತ ಮಾತಾಡುದು? ನನಗೆ ಸಿಟ್ಟು ಬರುದಾ, ಪಾಪ ಅನ್ನಿಸುದಾ, ಅದೇ ಗೊತ್ತಾಗುದಿಲ್ಲ. ಒಬ್ಬ ಸತ್ತ ದಿನ ನಾನು ಹುಟ್ಟಿದ್ದು ಅಂತ ಊರಿಡೀ ಓದುದು ಬೇಡ ಅಂತ ಹಾಳೆ ತೆಗೆದಿಟ್ಟೆ.”

ಗೌಡರು ಹೇಳಿಕಳಿಸಿದ್ದನ್ನು ಹೇಳಿದೆ. “ಹಾಕಿ. ಆದರೆ ತಾರೀಖು ತೆಗೆದು ಹಾಕಿ,” ಎಂದಳು. ತಾರೀಖು ತೆಗೆದರೆ ಆ ಪುಟದಲ್ಲಿ ಏನು ಉಳಿಯುತ್ತದೆ ಎಂದು ಕೇಳಬೇಕೆನಿಸಿತು. ಕೇಳುವ ಅಧಿಕಾರ ನನಗಿದೆಯೇ ಎಂದು ತಿಳಿಯದೆ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ.

ಹೋಟೆಲಿನಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಉಂಡು ಪುತ್ತೂರಿನ ಬಸ್ಸಿನಲ್ಲಿ ಕೂತೆ. ಬಸ್ಸು ಹೊರಡುವಾಗ ಕಿಟಕಿಯಿಂದ ನೋಡಿದರೆ ಜೆರಾಕ್ಸ್ ಅಂಗಡಿಯ ಶಟರು ಎಳೆದಿತ್ತು. ಭವ್ಯ ರಸ್ತೆಯ ಆಚೆ ಬದಿಯಲ್ಲಿ, ಪಂಜದ ಬಸ್ಸು ನಿಲ್ಲುವ ಕಡೆ ಬ್ಯಾಗು ಹಿಡಿದು ನಿಂತಿದ್ದಳು.

ಆಲಂಕಾರು, ಸವಣೂರು ದಾರಿಯಲ್ಲಿ ಇನ್ನೆರಡು ಸಲ ಆ ಪುಟ ಓದಿದೆ. ಗೌಡರ ಮೇಲೆ ಕನಿಕರ ಬಂತು. ಕೂಡಲೇ, ಗುಂಡಿಗೆ ಬಿದ್ದವನ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ ಎಂದು ಹೊಳೆಯಿತು. ಗೌಡರಿಗೂ ಅದು ಗೊತ್ತಿರಲಾರದು. ಯಾರ ಕಡೆ ನಿಂತು ಓದಬೇಕೆಂದೇ ತಿಳಿಯಲಿಲ್ಲ.

ರಾತ್ರಿ ಊಟಕ್ಕೆ ಏಳುವಷ್ಟರಲ್ಲಿ ಅರಂತೋಡಿನಿಂದ ಫೋನು ಬಂತು. ಭವ್ಯ. ಹಿಂದೆ ಯಾರೋ ಪಾತ್ರೆ ಇಡುವ ಸದ್ದು.

“ಅಪ್ಪನಿಗೆ ಓದಿ ಹೇಳಿದೆ ಟೀಚರೇ, ಹಸ್ತಪ್ರತಿಯಿಂದ. ಇಬ್ಬರೂ ಹೆಚ್ಚು ಎಂತ ಮಾತಾಡ್ಲಿಲ್ಲ,” ಎಂದಳು. “ಮತ್ತೆ ಆ ತಾರೀಖು... ತೆಗೀಬೇಡಿ. ಅದು ನನ್ನದು ಮಾತ್ರ ಅಲ್ಲ, ಆ ಸತ್ತ ಮನುಷ್ಯನದ್ದೂ ಅಲ್ವಾ?”